ಕಟ್ಟುಕಥೆಯ ರಾಜ್ಯ ಕಟ್ಟುವವರಿಗೆ ಕಟ್ಟುಪಾಡು

ಸುತ್ತೋಲೆ ನಂಬರು: ಕ.ಕ.ಕ. 12½ / 1944-45
ತಾರೀಖು: 3ನೇ ನವೆಂಬರು 1944, ತಾರಣ ಸಂವತ್ಸರ

ಇವರಿಗೆ: ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ಕಥೆ ಕಟ್ಟುವ, ಕಟ್ಟಿಸುವ ಹಾಗೂ ಸುಮ್ಮನೆ ಜಗಲಿಯ ಮೇಲೆ ಕೂತು ಕೇಳುವ ಸಮಸ್ತರಿಗೆ.

ವಿಷಯ: ಇಲ್ಲದ ರಾಜ್ಯಗಳನ್ನು ಇದ್ದಂತೆ ಕಟ್ಟುವ ಬಗ್ಗೆ, ಹಾಗೂ ಅರಿಶಿನಕುಂಟೆಯ ಗಂಗಣ್ಣನವರ ನಿಂತುಹೋಗಿರುವ ಮದುವೆಯ ಬಗ್ಗೆ.

ಉಲ್ಲೇಖ: (1) ಅರಿಶಿನಕುಂಟೆಯ ಪಿಳ್ಳಪ್ಪನವರ ತಕರಾರು ಅರ್ಜಿ.
(2) ಸಬ್ ಓವರ್‌ಸಿಯರ್ ಕಲೀಮುಲ್ಲಾ ಸಾಹೇಬರ ಸ್ಥಳ ತನಿಖೆಯ ವರದಿ.
(3) ಸದರಿ ವರದಿ ತಡವಾದದ್ದೇಕೆಂದು ಕೇಳಿದ ಜ್ಞಾಪನ, ಮತ್ತು ಅದಕ್ಕೆ ‘ಕಥೆ ಇನ್ನೂ ಮುಗಿದಿರಲಿಲ್ಲ’ ಎಂದು ಬಂದ ಉತ್ತರ.

ಬೆಂಗಳೂರಿನಲ್ಲಿ ಇಂಟರ್‌ಮೀಡಿಯೆಟ್ ಪಾಸು ಮಾಡಿ ಊರಿಗೆ ಮರಳಿರುವ ಗಂಗಣ್ಣನವರು, ಅದೇ ಊರಿನ ರೈತರಾದ ಪಿಳ್ಳಪ್ಪನವರ ಜಗಲಿಯ ಮೇಲೆ ದಿನವೂ ದೀಪ ಹಚ್ಚುವ ಹೊತ್ತಿಗೆ ಕೂತು, ‘ಮುಗಿಲದುರ್ಗ’ ಎಂಬ ರಾಜ್ಯವೊಂದನ್ನು ಪರವಾನಗಿಯಿಲ್ಲದೆ ಕಟ್ಟುತ್ತಿರುವುದು ಈ ಕಟ್ಟಡ ಇಲಾಖೆಯ ಗಮನಕ್ಕೆ ಬಂದಿದೆ. ಸದರಿ ರಾಜ್ಯವು ಭೂಪಟದಲ್ಲಿ ಇರುವುದಿಲ್ಲ. ಸದರಿ ಗಂಗಣ್ಣನವರು ಪಿಳ್ಳಪ್ಪನವರ ಮಗಳಾದ ಮುತ್ಯಾಲಮ್ಮನನ್ನು ಮದುವೆಯಾಗಬೇಕೆಂದು ಕೇಳಿದ್ದು, ಪಿಳ್ಳಪ್ಪನವರು ಮೊದಲು ಒಪ್ಪಿ, ಕಥೆ ಕೇಳಿದ ಮೇಲೆ ಹಿಂದೆ ಸರಿದಿದ್ದಾರೆ. ಅವರ ಅರ್ಜಿಯಲ್ಲಿ, ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡಿರುವ ಭಾಗ ಇಂತಿದೆ:

“ರಾಜ್ಯಾನೇ ನೆಟ್ಟಗೆ ಕಟ್ಟಕ್ಕಾಗ್ದೋನು ನನ್ ಮಗಳಿಗೆ ತಾಳಿ ಏನ್ ಕಟ್ತಾನೆ ಸ್ವಾಮಿ? ಅವನ ನದಿ ನೋಡಿ, ಬಯಲಿಂದ ಬೆಟ್ಟ ಹತ್ತತದೆ. ನೀರು ಯಾವ ಕಡೀಕ್ ಹರೀತದೆ ಅಂತ ಗೊತ್ತಿಲ್ದೋನಿಗೆ ಹೆಣ್ ಕೊಟ್ಟು, ನಾಳೆ ನನ್ನ ಗದ್ದೆ ಗತಿ ಏನು?”

ಈ ಪ್ರಶ್ನೆಯು ಗಂಭೀರವಾದುದೆಂದು ಪರಿಗಣಿಸಿ, ಸಮಸ್ತರ ತಿಳಿವಳಿಕೆಗಾಗಿ ಕೆಳಕಂಡ ಕಟ್ಟುಪಾಡುಗಳನ್ನು ಹೊರಡಿಸಲಾಗಿದೆ.

1. ವ್ಯಾಪ್ತಿ. ‘ಕಟ್ಟು’ ಎಂಬ ಕ್ರಿಯಾಪದವು ಯಾವ ನಾಮಪದಕ್ಕೆ ಅಂಟಿಕೊಂಡಿದ್ದರೂ ಅದು ಈ ಇಲಾಖೆಯ ಅಧಿಕಾರಕ್ಕೆ ಒಳಪಟ್ಟಿರುತ್ತದೆ. ಆದಕಾರಣ ಮನೆ, ಏರಿ, ಕಟ್ಟೆ, ಕಥೆ, ರಾಜ್ಯ, ಗೆಜ್ಜೆ ಹಾಗೂ ತಾಳಿ ಇವೆಲ್ಲವೂ ಒಂದೇ ಬಾಬ್ತೆಂದು ತಿಳಿಯತಕ್ಕದ್ದು. ಬುತ್ತಿ ಕಟ್ಟುವುದಕ್ಕೆ ಮಾತ್ರ ವಿನಾಯಿತಿ ಇರುತ್ತದೆ. ತನಿಖೆಗೆ ಬರುವ ನೌಕರರಿಗೆ ಬುತ್ತಿ ಕಟ್ಟಿಕೊಡುವವರಿಗೆ ವಿಶೇಷ ವಿನಾಯಿತಿ ಇರುತ್ತದೆ.

2. ತಳಪಾಯ. ತಳಬುಡವಿಲ್ಲದ ಕಥೆಗಳ ಬಗ್ಗೆ ಸಾರ್ವಜನಿಕರಿಂದ ದೂರುಗಳು ಬರುತ್ತಿರುವುದರಿಂದ, ಯಾವ ರಾಜ್ಯವನ್ನು ಕಟ್ಟುವ ಮೊದಲೂ ಬುಡ ತೋಡಿ ತೋರಿಸತಕ್ಕದ್ದು. ನಾಯಕನು ಕುದುರೆಯೇರಿ ಬರುವ ಗಳಿಗೆಗೆ ಸರಿಯಾಗಿ ರಾಜ್ಯವು ಹುಟ್ಟಕೂಡದು. ಅವನು ಬರುವುದಕ್ಕೆ ಬಹಳ ಮೊದಲೇ ಅಲ್ಲಿ ಒಂದು ಹಾಳುಬಾವಿ, ಒಂದು ಬಗೆಹರಿಯದ ಗಡಿ ತಕರಾರು, ಮತ್ತು ‘ಹಳೇ ರಾಜನ ಕಾಲವೇ ಚೆನ್ನಾಗಿತ್ತು’ ಎಂದು ಗೊಣಗುವ ಒಬ್ಬ ಮುದುಕಿ ಇರತಕ್ಕದ್ದು. ಮುದುಕಿ ಸಿಗದಿದ್ದಲ್ಲಿ ಅರಿಶಿನಕುಂಟೆಯಿಂದ ಎರವಲು ಪಡೆಯಬಹುದು.

3. ನೀರು. ನದಿಗಳು ಮೇಲಿನಿಂದ ಕೆಳಕ್ಕೆ ಹರಿಯತಕ್ಕದ್ದು. ಋಷಿಯೊಬ್ಬನ ಮಾತಿಗೆ ಕಟ್ಟುಬಿದ್ದು ತಮ್ಮ ನದಿ ಬೆಟ್ಟ ಹತ್ತಿತೆಂದು ಗಂಗಣ್ಣನವರು ಸಮಜಾಯಿಷಿ ಕೊಟ್ಟಿದ್ದಾರೆ. ಇದನ್ನು ಕೇಳಿದ ಪಿಳ್ಳಪ್ಪನವರ ತಾಯಿ ಅಕ್ಕಯಮ್ಮನವರು ಎತ್ತಿದ ಆಕ್ಷೇಪಣೆ ಇದು: “ಅಂಗಾರೆ ಆ ರುಸೀನ ನಮ್ಮ ಹಿತ್ಲು ಬಾವಿ ತಾವ್ಕೂ ಒಂದ್ ಗಳಿಗೆ ಕರ್ಕೊಂಬಾರಪ್ಪ. ನೀರು ತಾನೇ ಮ್ಯಾಕ್ ಬಂದ್ರೆ ನಮಗೂ ಸೇದೋದು ತಪ್ತದೆ.” ಆಕ್ಷೇಪಣೆಯನ್ನು ಎತ್ತಿಹಿಡಿಯಲಾಗಿದೆ. ಒಂದು ಪವಾಡವು ನಾಯಕನಿಗೆ ಒದಗಿದರೆ ಅದು ನೆರೆಹೊರೆಯವರಿಗೆ ಏಕೆ ಒದಗದೆಂಬುದನ್ನು ಕಥೆಯೊಳಗೇ ತಿಳಿಸತಕ್ಕದ್ದು. ತಿಳಿಸಲಾಗದಿದ್ದರೆ ಪವಾಡವನ್ನು ವಾಪಸು ಪಡೆಯತಕ್ಕದ್ದು.

4. ಮಂತ್ರದ ರೇಷನ್. ಸಕ್ಕರೆ, ಸೀಮೆಎಣ್ಣೆಗಳೇ ಕಾರ್ಡಿನ ಮೇಲೆ ಸಿಗುತ್ತಿರುವ ಈ ಯುದ್ಧಕಾಲದಲ್ಲಿ ಮಂತ್ರಗಳನ್ನು ಮಾತ್ರ ಬೇಕಾದಷ್ಟು ಸುರಿಯುವುದು ಜನರ ಹೊಟ್ಟೆಯುರಿಗೆ ಕಾರಣವಾಗುತ್ತಿದೆ. ಇನ್ನು ಮುಂದೆ ಪ್ರತಿ ಮಂತ್ರಕ್ಕೂ ಹೇಳಿದವನ ಒಂದು ಹಲ್ಲು ಉದುರತಕ್ಕದ್ದು. ಹಲ್ಲೆಲ್ಲ ಉದುರಿದ ಋಷಿಗೆ ಮಂತ್ರದ ಉಚ್ಚಾರವೇ ಹೊರಡದಾದುದರಿಂದ, ಬೇರೆ ನಿಯಂತ್ರಣದ ಅಗತ್ಯ ಇಲಾಖೆಗೆ ಕಂಡುಬರುವುದಿಲ್ಲ. ಬೊಚ್ಚುಬಾಯಲ್ಲಿ ‘ಸಾವು’ ಎನ್ನಹೋಗಿ ‘ಹಾವು’ ಎಂದು ಉಚ್ಚರಿಸಿ ಆಗುವ ಅನಾಹುತಗಳಿಗೆ ಲೇಖಕರೇ ಹೊಣೆ.

5. ರೆಕ್ಕೆಯ ಕುದುರೆಗಳು. ಸದರಿ ಪ್ರಾಣಿಯನ್ನು ನೆಲದ ಮೇಲಿರುವಾಗ ಜಾನುವಾರೆಂದೂ, ಮೇಲಿರುವಾಗ ಹಕ್ಕಿಯೆಂದೂ ಪರಿಗಣಿಸಲಾಗುವುದು. ಪೈರು ಮೇಯ್ದರೆ ದೊಡ್ಡಿಯಲ್ಲಿ ಕಟ್ಟಬಹುದು. ಹಾರಿಹೋದರೆ ದೊಡ್ಡಿಯವರ ತಪ್ಪಲ್ಲ. ಅದು ಎಷ್ಟು ಹುರುಳಿ ತಿನ್ನುತ್ತದೆ, ಆ ಹುರುಳಿ ಯಾವ ಹೊಲದಲ್ಲಿ ಬೆಳೆಯಿತು ಎಂಬುದನ್ನು ಕಥೆಯಲ್ಲಿ ತೋರಿಸತಕ್ಕದ್ದು. ಮೇಲಿನಿಂದ ಬಿದ್ದ ಲದ್ದಿಯು ಯಾರ ಹೊಲಕ್ಕೆ ಬೀಳುವುದೋ ಅವರ ಸ್ವತ್ತು. ಯಾರ ತಲೆಯ ಮೇಲೆ ಬೀಳುವುದೋ ಅವರ ವಿಷಯ ಸರ್ಕಾರದ ಆಲೋಚನೆಯಲ್ಲಿದೆ.

6. ಗಾಳಿಗೋಪುರಗಳು. ಇವುಗಳನ್ನು ವಿಮಾನಗಳ ದಾರಿಗೆ ಅಡ್ಡಲಾಗಿ ಕಟ್ಟಕೂಡದು. ಯುದ್ಧಕಾಲದ ಬಾಂಬಿನ ಭಯವಿರುವುದರಿಂದ ಕತ್ತಲಾದ ಮೇಲೆ ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸತಕ್ಕದ್ದು. ರತ್ನಖಚಿತ ಕಳಶಗಳಿಗೆ ಗೋಣಿತಾಟು ಹೊದಿಸತಕ್ಕದ್ದು.

7. ಹೆಸರುಗಳು. ಗಂಗಣ್ಣನವರ ನಾಯಕನ ಹೆಸರು ‘ಪ್ರಳಯಪ್ರಚಂಡರಣಧೀರವಿಕ್ರಮಭಾನುತೇಜ’ ಎಂದು ವರದಿಯಾಗಿದೆ. ನಾಯಕನಿಗೂ ತಾಯಿಯೊಬ್ಬಳಿರುವಳೆಂಬುದನ್ನು ಲೇಖಕರು ಮರೆಯಕೂಡದು. ಆಕೆ ಬಾಗಿಲಲ್ಲಿ ನಿಂತು ಮಗನನ್ನು ಊಟಕ್ಕೆ ಕೂಗಿ ಮುಗಿಸುವಷ್ಟರಲ್ಲಿ ಮುದ್ದೆ ಆರಿಹೋಗುವಂಥ ಹೆಸರುಗಳನ್ನು ರದ್ದುಪಡಿಸಲಾಗಿದೆ.

ಮುದ್ದೆಯ ಮಾತು ಬಂದದ್ದರಿಂದ: ಮುಗಿಲದುರ್ಗದಲ್ಲಿ ಲಕ್ಷ ಸೈನಿಕರಿದ್ದು ಒಂದು ರಾಗಿ ಹೊಲವೂ ಕಂಡುಬಂದಿಲ್ಲ. ಸೈನಿಕರು ಶೌರ್ಯವನ್ನೇ ಉಂಡು ಬದುಕುತ್ತಾರೆಂಬ ವಿವರಣೆಯನ್ನು ಪಿಳ್ಳಪ್ಪನವರು ಒಪ್ಪಿಲ್ಲ. ಇಲಾಖೆಯೂ ಒಪ್ಪಿಲ್ಲ.

8. ‘ಹೂಂ’ ಬಗ್ಗೆ. ಇಲ್ಲದ ರಾಜ್ಯವು ನಿಂತಿದೆಯೋ ಬಿದ್ದಿದೆಯೋ ಎಂಬುದನ್ನು ಟೇಪು ಹಿಡಿದು ಅಳೆಯಲಾಗದೆಂದು ಕಲೀಮುಲ್ಲಾ ಸಾಹೇಬರು ವರದಿ ಮಾಡಿದ್ದಾರೆ. ಕಥೆ ಕೇಳುವವರು ನಡುನಡುವೆ ‘ಹೂಂ’ಗುಟ್ಟುವ ಪದ್ಧತಿ ಈ ಸೀಮೆಯಲ್ಲಿ ಇರುವುದರಿಂದ, ಅದನ್ನೇ ಅಳತೆಯಾಗಿ ಅಂಗೀಕರಿಸಲಾಗಿದೆ. ತಾನಾಗಿ ಹೊರಟ ಹೂಂ ಮಾತ್ರ ಊರ್ಜಿತ. ನಿದ್ದೆಗಣ್ಣಿನ ಹೂಂ, ಅಡಿಕೆ ಜಗಿಯುತ್ತ ಹೇಳಿದ ಹೂಂ, ‘ಬೇಗ ಮುಗಿಸು’ ಎಂಬರ್ಥದ ಹೂಂ ಇವು ಅಸಿಂಧು. ‘ಉಹುಂ’ ಬಂದ ಕಡೆ ಗೋಡೆ ಬಿರುಕು ಬಿಟ್ಟಿದೆಯೆಂದು ಗುರುತು ಹಾಕತಕ್ಕದ್ದು.

ಕರ್ತವ್ಯದ ಮೇಲಿರುವ ನೌಕರರು ಹೂಂಗುಟ್ಟಕೂಡದು. ಕಲೀಮುಲ್ಲಾ ಸಾಹೇಬರು ಇದನ್ನು ಮೀರಿದ್ದಾರೆ. ವಿವರಣೆ ಕೇಳಲಾಗಿ ಅವರು, “ರಾಣಿ ಒಬ್ಬಳೇ ಕೋಟೆ ಬಾಗ್ಲು ತೆಗೀತಾ ಇದ್ಲು ಸಾರ್. ಹೊರಗಡೆ ಯಾರಿದಾರೆ ಅಂತ ಅವಳಿಗೆ ಗೊತ್ತಿಲ್ಲ, ನಮಗೆ ಗೊತ್ತು. ಆವಾಗ ಬಾಯಿ ಮುಚ್ಕೊಂಡಿರಕ್ಕಾಗುತ್ತಾ?” ಎಂದು ತಿಳಿಸಿದ್ದಾರೆ. ಎಚ್ಚರಿಕೆ ಕೊಡಲಾಗಿದೆ. ಹೊರಗೆ ಯಾರಿದ್ದರೆಂಬುದನ್ನು ಪ್ರತ್ಯೇಕ ಪತ್ರದಲ್ಲಿ ತಿಳಿಸುವಂತೆಯೂ ಸೂಚಿಸಲಾಗಿದೆ.

9. ರಿಪೇರಿ. ಮೇಲ್ಕಂಡ ಕಟ್ಟುಪಾಡುಗಳ ಕರಡನ್ನು ಕಲೀಮುಲ್ಲಾ ಸಾಹೇಬರು ಜಗಲಿಯ ಮೇಲೆ ಮೊದಲೇ ಓದಿ ಹೇಳಿದ್ದು, ಅದರಂತೆ ಗಂಗಣ್ಣನವರು ತಮ್ಮ ರಾಜ್ಯವನ್ನು ದುರಸ್ತಿ ಮಾಡಿರುತ್ತಾರೆ. ನದಿಯನ್ನು ಬೆಟ್ಟದಿಂದ ಇಳಿಸಲಾಗಿದೆ. ಋಷಿಗೆ ಎರಡೇ ಹಲ್ಲು ಉಳಿಸಿ, ಅವುಗಳನ್ನು ಯಾವಾಗ ಖರ್ಚು ಮಾಡಬೇಕೆಂಬ ಚಿಂತೆಯನ್ನು ಅವನಿಗೆ ಅಂಟಿಸಲಾಗಿದೆ. ನಾಯಕನನ್ನು ಮನೆಯಲ್ಲಿ ‘ಭಾನು’ ಎನ್ನುತ್ತಾರೆ. ಕೋಟೆಯ ಹಿಂದೆ ರಾಗಿ ಬಿತ್ತಲಾಗಿದ್ದು, ಮುತ್ತಿಗೆಯ ಸಮಯದಲ್ಲಿ ಕೊಯ್ಲು ಬಂದು, ಸೈನಿಕರು ಕತ್ತಿ ಹಿಡಿಯಬೇಕೋ ಕುಡುಗೋಲು ಹಿಡಿಯಬೇಕೋ ತಿಳಿಯದೆ ರಾತ್ರಿಯೆಲ್ಲ ಜಗಳವಾಡಿದರೆಂಬ ಭಾಗವನ್ನು ಹೊಸದಾಗಿ ಸೇರಿಸಲಾಗಿದೆ. ಸದರಿ ಭಾಗವನ್ನು ಹೇಳುವಾಗ ಪಿಳ್ಳಪ್ಪನವರ ಬಾಯಿಂದ ಹೂಂ ಹೊರಟಿರುತ್ತದೆ. ಅದು ಕೆಮ್ಮೆಂದು ಅವರು ವಾದಿಸುತ್ತಾರೆ. ಆದರೆ ಕೆಮ್ಮಿದ ಮೇಲೆ ಅವರು, ಪೈರು ಕೊನೆಗೆ ಮನೆ ಸೇರಿತೇ ಎಂದು ಎರಡು ಸಲ ಕೇಳಿರುವುದಾಗಿ ವರದಿಯಲ್ಲಿದೆ.

10. ಇತ್ಯರ್ಥವಾಗಬೇಕಿದ್ದ ಒಂದು ಹೂಂ. ಅದೇ ಸಂಜೆ ಬಾಗಿಲ ಹಿಂದಿನಿಂದ ಇನ್ನೊಂದು ಹೂಂ ಕೇಳಿಬಂದಿದೆ. ಇದು ಮುತ್ಯಾಲಮ್ಮನದೆಂದು ಗುರುತಿಸಲಾಗಿದೆ. ಅದೇ ಸಮಯದಲ್ಲಿ ಅಕ್ಕಯಮ್ಮನವರು ಒಳಗೆ, ಹುಡುಗ ಒಪ್ಪಿಗೆಯೇನೇ ಎಂದು ಮೊಮ್ಮಗಳನ್ನು ಕೇಳುತ್ತಿದ್ದರೆಂದೂ, ಹೊರಗೆ ರಾಣಿಯು ಭಾನುವಿನ ಕೈ ಹಿಡಿಯುತ್ತಿದ್ದಳೆಂದೂ ತಿಳಿದುಬಂದಿದ್ದು, ಹೂಂ ಯಾವ ಬಾಬ್ತಿಗೆ ಜಮಾ ಆಗಬೇಕೆಂಬುದರಲ್ಲಿ ಗೊಂದಲ ಉಂಟಾಗಿದೆ. ಕಥೆಯ ಬಾಬ್ತಾದರೆ ರಾಜ್ಯ ನಿಲ್ಲುವುದು. ತಾಳಿಯ ಬಾಬ್ತಾದರೆ ಗಂಗಣ್ಣನವರ ಮನೆ ನಿಲ್ಲುವುದು. ಕಲೀಮುಲ್ಲಾ ಸಾಹೇಬರು ಬಾಗಿಲ ಬಳಿ ಹೋಗಿ ನೇರವಾಗಿಯೇ ವಿಚಾರಿಸಿದ್ದಾರೆ. ಮುತ್ಯಾಲಮ್ಮನ ಹೇಳಿಕೆ:

“ಕಥೆಗೆ ಅಂತ್ಲೇ ಬರ್ಕೊಳ್ಳಿ ಸಾಬ್ರೇ. ಗಂಡಿಗೆ ಅಂತ ಬರ್ಕೊಂಡ್ರೆ, ಮದ್ವೆ ಆದ್ಮೇಲೆ ಇವ್ರು ಹೇಳೋದೇ ನಿಲ್ಲಿಸ್ಬಿಡ್ತಾರೆ.”

ಈ ಹೇಳಿಕೆಯನ್ನು ಇಲಾಖೆಯ ವಿವಾಹಿತ ನೌಕರರ ಸಭೆಯ ಮುಂದೆ ಇಡಲಾಯಿತು. ಸಭೆ ಮುಗಿಯುವ ಮೊದಲೇ ಮೂವರು ನೌಕರರು ಬೇಗ ಮನೆಗೆ ಹೋಗಲು ಅರ್ಧ ದಿನದ ರಜೆ ಕೇಳಿದರೆಂದು ನಡವಳಿಯಲ್ಲಿ ದಾಖಲಾಗಿದೆ.

11. ಆದೇಶ. ಎಲ್ಲವನ್ನೂ ಕೂಲಂಕಷವಾಗಿ ಪರಿಶೀಲಿಸಿ ಈ ಕೆಳಕಂಡಂತೆ ಆಜ್ಞಾಪಿಸಲಾಗಿದೆ:

(ಅ) ಬಾಗಿಲ ಹಿಂದಿನ ಹೂಂ ಕಥೆಯ ಬಾಬ್ತಿಗೇ ಜಮಾ ಆಗಿರುವುದರಿಂದ ಮುಗಿಲದುರ್ಗವನ್ನು ಕೆಡವತಕ್ಕದ್ದಲ್ಲ.

(ಆ) ಪಿಳ್ಳಪ್ಪನವರ ತಕರಾರು ವಜಾ. ರಾಜ್ಯ ಕಟ್ಟಿದವನು ತಾಳಿಯನ್ನೂ ಕಟ್ಟಬಹುದು. ಕಟ್ಟಿದ ಗಂಟು ಬಿಗಿಯಾಗಿದೆಯೇ ಎಂದು ತನಿಖೆ ಮಾಡಲು ಇಲಾಖೆಯ ನೌಕರರನ್ನು ಊಟದ ಹೊತ್ತಿಗೆ ಕಳಿಸಿಕೊಡಲಾಗುವುದು.

(ಇ) ‘ಕಟ್ಟಡ ಪೂರ್ಣಗೊಂಡಿದೆ’ ಎಂಬ ಸರ್ಟಿಫಿಕೇಟನ್ನು ಈ ರಾಜ್ಯಕ್ಕೆ ಯಾವ ಕಾಲಕ್ಕೂ ಕೊಡತಕ್ಕದ್ದಲ್ಲ. ದಂಪತಿಗಳು ಜೀವಂತರಿರುವ ತನಕ ಒಂದು ಗೋಡೆಯನ್ನಾದರೂ ಅರೆಬರೆಯಾಗಿ ಬಿಟ್ಟಿರತಕ್ಕದ್ದು.

(ಈ) ಮದುವೆಯ ತರುವಾಯ ಗಂಗಣ್ಣನವರು ಆಯಾಸ, ತಲೆನೋವು, ರಾಗಿ ಒಕ್ಕಣೆ ಮುಂತಾದ ಕಾರಣಗಳನ್ನು ತೋರಿಸಿ ಎರಡು ಸಂಜೆ ಸತತವಾಗಿ ‘ನಾಳೆ ಹೇಳ್ತೀನಿ’ ಎಂದಲ್ಲಿ, ಸದರಿ ರಾಜ್ಯವು ಕೋಟೆ, ಕೊತ್ತಲ, ಕುದುರೆ ಮತ್ತು ಋಷಿಯ ಹಲ್ಲುಗಳ ಸಮೇತ ಮುತ್ಯಾಲಮ್ಮನವರ ಸ್ವಾಧೀನಕ್ಕೆ ಬರುವುದು. ಆ ಬಳಿಕ ಅವರು ತಮಗೆ ಸರಿಕಂಡ ರಾಜನನ್ನು ಪಟ್ಟಕ್ಕೆ ಕೂರಿಸಬಹುದು, ಇಳಿಸಲೂಬಹುದು. ಆಗ ಹೂಂಗುಟ್ಟುವ ಜವಾಬ್ದಾರಿ ಗಂಗಣ್ಣನವರದು.

(ರುಜು)
ಅಧೀಕ್ಷಕರು, ಇಲ್ಲದ ಕಟ್ಟಡಗಳ ವಿಭಾಗ
(ಇದ್ದ ಕಟ್ಟಡಗಳ ವಿಭಾಗಕ್ಕೂ ಹೆಚ್ಚುವರಿ ಪ್ರಭಾರ)

ಪ್ರತಿಗಳು:
1. ಶ್ರೀ ಪಿಳ್ಳಪ್ಪನವರಿಗೆ, ಕೆಮ್ಮಿನ ಕಷಾಯದೊಂದಿಗೆ.
2. ಶಾನುಭೋಗರಿಗೆ, ಮುಗಿಲದುರ್ಗದ ಗಡಿಕಲ್ಲುಗಳನ್ನು ಪರಿಶೀಲಿಸುವ ಸಲುವಾಗಿ. ಕಲ್ಲುಗಳು ಕಾಣದಿದ್ದರೆ ಕಣ್ಣು ಮುಚ್ಚಿಕೊಂಡು ನೋಡತಕ್ಕದ್ದು.
3. ಶ್ರೀ ಕಲೀಮುಲ್ಲಾ ಸಾಹೇಬರಿಗೆ, ತನಿಖೆ ಮುಗಿದಿರುವುದರಿಂದ ಅರಿಶಿನಕುಂಟೆಗೆ ಹೋಗುವುದನ್ನು ನಿಲ್ಲಿಸುವಂತೆ. (ಅವರು ಈಗ ಅಲ್ಲಿಯೇ ಇರುವುದರಿಂದ ಪ್ರತಿಯನ್ನು ಅಲ್ಲಿಗೇ ಕಳಿಸಿದೆ.)
4. ಶ್ರೀಮತಿ ಅಕ್ಕಯಮ್ಮನವರಿಗೆ, ಓದಿ ಹೇಳುವವರ ಮುಖಾಂತರ.
5. ಮುತ್ಯಾಲಮ್ಮನವರಿಗೆ ಪ್ರತಿ ಅನಗತ್ಯ. 11(ಈ) ಆದೇಶದ ಕರಡಿನಲ್ಲಿ ‘ಮೂರು ಸಂಜೆ’ ಎಂದಿದ್ದುದನ್ನು ‘ಎರಡು’ ಎಂದು ತಿದ್ದಿಕೊಟ್ಟವರು ಅವರೇ.