ಬಲಕ್ಕೆ ತಿರುಗದ ಮೆರವಣಿಗೆ

ನಾನು ಬ್ಯಾಂಕಿನಲ್ಲಿ ಲೆಕ್ಕ ತಪಾಸಣೆ ಮಾಡುವವಳು. ಇತರರ ತಪ್ಪು ಹುಡುಕುವುದಕ್ಕೇ ನನಗೆ ಸಂಬಳ. ಹಾಗಾಗಿ ನನ್ನಿಂದಲೂ ತಪ್ಪಾಗಬಹುದು ಎಂಬ ಯೋಚನೆ ನನಗೆ ಅಷ್ಟು ಸುಲಭವಾಗಿ ಬರುವುದಿಲ್ಲ. ಪಲ್ಲಾವರಂನ ನಮ್ಮ ಮನೆಯ ಮುಂದೆ, ಹಳೆಯ ಬೆಡ್‌ಶೀಟ್ ಹಾಸಿಕೊಂಡು ಕಾರಿನ ಕೆಳಗೆ ತೂರಿದ ಆ ಶನಿವಾರ ಬೆಳಿಗ್ಗೆಯೂ ಬಂದಿರಲಿಲ್ಲ.

ಕಾರು ನಮ್ಮಪ್ಪನದು. ನಾನು ಹುಟ್ಟುವುದಕ್ಕೂ ಎಷ್ಟೋ ಮೊದಲು ತಯಾರಾದ, ಮೇಲಿನ ಹೊದಿಕೆಯನ್ನು ಹಿಂದಕ್ಕೆ ಮಡಚಿಡಬಹುದಾದ, ಕೆನೆಬಣ್ಣದ ತೆರೆದ ಕಾರು. ನನಗೆ ಚೆನ್ನೈಗೆ ವರ್ಗವಾದಾಗ ಅಪ್ಪ ಮೈಸೂರಿನಿಂದ ಅದನ್ನೂ ಲಾರಿಗೆ ಹತ್ತಿಸಿ ಕಳಿಸಿದರು. ಅದಕ್ಕಿದ್ದದ್ದು ಒಂದೇ ಚಟ. ಸ್ಟಿಯರಿಂಗ್ ಮೇಲಿನ ಹಿಡಿತ ಚೂರು ಸಡಿಲಿಸಿದರೂ ಎಡಕ್ಕೆ ಎಳೆಯುತ್ತಿತ್ತು. ಎಡಕ್ಕೆ ಏನಿದೆ ಎಂದು ನೋಡುತ್ತಿರಲಿಲ್ಲ. ಟೀ ಅಂಗಡಿಯಾದರೂ ಸರಿ, ಟ್ರಾಫಿಕ್ ಪೊಲೀಸರಾದರೂ ಸರಿ.

ಇಷ್ಟು ದಿನ ಅದರ ಪಾಡಿಗೆ ಅದನ್ನು ಬಿಟ್ಟಿದ್ದೆ. ಆದರೆ ಪಕ್ಕದ ಮನೆಯ ಮೈಥಿಲಿ ಮಾಮಿಯ ಮಗಳ ಮದುವೆ ಬಂತು. ಮದುವೆಯ ಹಿಂದಿನ ಸಂಜೆ ಅವರಲ್ಲಿ ಜಾನವಾಸ. ಅಂದರೆ ವರನನ್ನು ತೆರೆದ ಕಾರಿನಲ್ಲಿ ಕೂರಿಸಿ, ನಾದಸ್ವರದ ಹಿಂದೆ ಮೆರವಣಿಗೆಯಲ್ಲಿ ಕಲ್ಯಾಣ ಮಂಟಪಕ್ಕೆ ಕರೆತರುವುದು. ಮಾಮಿ ಬಂದು ನನ್ನ ಕೈ ಹಿಡಿದುಕೊಂಡರು.

"ಸುಮಾ, ಮಾಪ್ಪಿಳ್ಳೈ ಉಂಗ ವಂಡಿಯಿಲದಾನ್ ವರಣುಂ."

ಅಳಿಯ ನಿಮ್ಮ ಗಾಡಿಯಲ್ಲೇ ಬರಬೇಕು ಎಂದರ್ಥ. ನನ್ನ ತಮಿಳು ಹರಕುಮುರುಕು, ಆದರೆ ಹೊಗಳಿಕೆ ಯಾವ ಭಾಷೆಯಲ್ಲಿದ್ದರೂ ನನಗೆ ಪೂರ್ತಿ ಅರ್ಥವಾಗುತ್ತದೆ. "ನಾನೇ ಓಡಿಸುತ್ತೇನೆ ಮಾಮಿ" ಎಂದುಬಿಟ್ಟೆ.

ವರನನ್ನು ಹೊತ್ತು ಟೀ ಅಂಗಡಿಗೆ ನುಗ್ಗಬಾರದಲ್ಲ, ಮುಂದಿನ ಚಕ್ರಗಳನ್ನು ಸರಿಮಾಡಿಸೋಣವೆಂದು ವೀಲ್ ಅಲೈನ್‌ಮೆಂಟ್ ಮಾಡುವ ಅಂಗಡಿಗೆ ಹೋದೆ. ಅಲ್ಲಿಯವನು ಕಾರನ್ನು ಭಕ್ತಿಯಿಂದ ಒಂದು ಸುತ್ತು ಹಾಕಿ, ಕಂಪ್ಯೂಟರಿನಲ್ಲಿ ತುಂಬ ಹೊತ್ತು ಹುಡುಕಿ, "ಮೇಡಂ, ಇದುಲ ಇಂದ ವಂಡಿ ಪೇರೇ ಇಲ್ಲ" ಎಂದ. ಹೆಸರೇ ಇಲ್ಲದ ಗಾಡಿಯನ್ನು ಆ ಯಂತ್ರ ಮುಟ್ಟುವುದಿಲ್ಲವಂತೆ. ನಾನು ಸ್ವಲ್ಪವೂ ಬೇಸರಪಡದೆ ಮನೆಗೆ ಬಂದು ಇಂಟರ್‌ನೆಟ್ಟಿನಲ್ಲಿ ಒಂದು ವಿಡಿಯೊ ನೋಡಿದೆ. ಅದರಲ್ಲಿ ಒಬ್ಬ ಬಿಳಿಗಡ್ಡದವನು ದಾರ, ಟೇಪು ಮತ್ತು ಸ್ಪ್ಯಾನರ್ ಇಟ್ಟುಕೊಂಡು, ಕಾಫಿ ಕುಡಿಯುತ್ತ, ಇಡೀ ಕೆಲಸ ಮುಗಿಸಿದ. ದಾರ, ಟೇಪು, ಸ್ಪ್ಯಾನರ್ ಮೂರೂ ನಮ್ಮ ಮನೆಯಲ್ಲಿದ್ದವು. ಕಾಫಿಯಂತೂ ಇದ್ದೇ ಇತ್ತು.

ಸಹಾಯಕ್ಕೆ ನನ್ನ ಗಂಡ ರಘು ಇದ್ದರು.

"ರೀ, ದಾರದ ಆ ತುದಿ ಎಡಗಡೆ ಚಕ್ರಕ್ಕೆ ಒತ್ತಿ ಹಿಡ್ಕೊಳ್ಳಿ."

"ನಿನ್ನ ಎಡಾನೋ ನನ್ನ ಎಡಾನೋ?"

"ಕಾರಿನ ಎಡ."

"ಅದು ಯಾವ ಕಡೆ ಮುಖ ಮಾಡಿದೆ ಅಂತ ಲೆಕ್ಕ?"

ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಇಂಥ ಪ್ರಶ್ನೆಗೆ ಉತ್ತರ ಕೊಡಬಾರದು ಎಂಬುದು ನನಗೆ ಗೊತ್ತು. ನಾನೇ ಎದ್ದುಹೋಗಿ ಅವರ ಕೈ ಹಿಡಿದು ಚಕ್ರದ ಮೇಲಿಟ್ಟು ಬಂದೆ.

ಮುಂದಿನ ಎರಡು ಚಕ್ರಗಳು ಒಂದಕ್ಕೊಂದು ನೇರವಾಗಿ ನಿಲ್ಲಬೇಕು. ಅವನ್ನು ಸ್ಟಿಯರಿಂಗ್‌ಗೆ ಜೋಡಿಸಿದ ಸರಳು ಎರಡು ಬದಿಗೂ ಒಂದೊಂದಿದೆ. ಅದರ ನಟ್ ಸಡಿಲಿಸಿ, ಸರಳನ್ನು ತಿರುಗಿಸಿದರೆ ಚಕ್ರ ಒಳಕ್ಕೋ ಹೊರಕ್ಕೋ ವಾಲುತ್ತದೆ. ಎಡಗಡೆಯದು ಬೆಣ್ಣೆಯಂತೆ ತಿರುಗಿತು. ಬಲಗಡೆಯ ನಟ್ ತುಕ್ಕು ಹಿಡಿದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಅಲುಗದ್ದರ ಜೊತೆ ಗುದ್ದಾಡುವುದೇಕೆ? ಬಲಗಡೆಯ ಪಾಲಿನ ಕೆಲಸವನ್ನೂ ಎಡಗಡೆಯ ಸರಳಿನಿಂದಲೇ ಮಾಡಿಸಿದೆ. ಅಳೆದರೆ ಚಕ್ರಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ನೇರ ನಿಂತಿದ್ದವು.

ಆದರೆ ಒಳಗೆ ಕೂತು ನೋಡಿದರೆ ಸ್ಟಿಯರಿಂಗ್ ಚಕ್ರ ಓರೆಯಾಗಿತ್ತು. ಕಾರು ನೇರ ನಿಂತಿದೆ, ಸ್ಟಿಯರಿಂಗ್ ಮಾತ್ರ ತಲೆ ವಾಲಿಸಿ ನನ್ನನ್ನೇ ಅನುಮಾನದಿಂದ ನೋಡುತ್ತಿದೆ. ಅದಕ್ಕೇನು, ನಡುವಿನ ನಟ್ ಬಿಚ್ಚಿ, ಸ್ಟಿಯರಿಂಗ್ ಚಕ್ರವನ್ನು ಕಿತ್ತು, ನೆಟ್ಟಗೆ ಕೂರಿಸಿ ಬಿಗಿದೆ. ಈಗ ಎಲ್ಲವೂ ನೇರ.

ಪರೀಕ್ಷೆಗೆಂದು ಇಬ್ಬರೂ ಕೂತು ಒಂದು ಸುತ್ತು ಹೋದೆವು. ನಮ್ಮ ಬೀದಿಯಿಂದ ಎಡಕ್ಕೆ, ಮತ್ತೆ ಎಡಕ್ಕೆ, ಮತ್ತೂ ಎಡಕ್ಕೆ, ಮನೆ ಬಂತು. ಎಳೆತದ ಸುಳಿವೇ ಇರಲಿಲ್ಲ. ಟೀ ಅಂಗಡಿಯನ್ನು ನಾವು ಗಂಭೀರವಾಗಿ ದಾಟಿದೆವು.

"ಪರವಾಗಿಲ್ಲ ಕಣೆ" ಎಂದರು ರಘು. ಅವರ ಬಾಯಲ್ಲಿ ಅದು ಪದ್ಮಶ್ರೀಗೆ ಸಮ.

ಮರುದಿನ ಸಂಜೆ ಕಾರಿಗೆ ಮಲ್ಲಿಗೆಯ ಸರ ಇಳಿಬಿಟ್ಟರು. ಮೆರವಣಿಗೆ ನಮ್ಮ ಬೀದಿಯ ತುದಿಯಲ್ಲೇ ಇರುವ ಪಿಳ್ಳೈಯಾರ್ ಕೋಯಿಲಿನಿಂದ, ಅಂದರೆ ನಮ್ಮ ಗಣಪತಿ ಗುಡಿಯಿಂದ ಹೊರಟು, ಅದರ ಸುತ್ತಲಿನ ನಾಲ್ಕು ಬೀದಿಗಳಲ್ಲಿ ಪ್ರದಕ್ಷಿಣೆ ಬಂದು ಮಂಟಪ ಸೇರಬೇಕು. ಕೋಟು ತೊಟ್ಟ ವರ ಹಿಂದಿನ ಸೀಟಿನ ಬೆನ್ನಿನ ಮೇಲೆ ಎತ್ತರದಲ್ಲಿ ಕೂತ. ಮುಂದೆ ನಾದಸ್ವರದವರು, ಹಿಂದೆ ರೇಷ್ಮೆ ಸೀರೆಗಳ ಸಮುದ್ರ. ರಘು ನನ್ನ ಪಕ್ಕದಲ್ಲಿ. ನಾನು ಜರಿ ಸೀರೆಯುಟ್ಟು, ಅರಮನೆಯ ಸಾರಥಿಯ ಠೀವಿಯಲ್ಲಿ ಗೇರ್ ಹಾಕಿದೆ.

ಮೊದಲ ಮೂಲೆ ಬಂತು. ನಾದಸ್ವರ ಬಲಕ್ಕೆ ತಿರುಗಿತು. ತವಿಲ್ ಡೋಲು ಬಲಕ್ಕೆ ತಿರುಗಿತು. ದೀಪ ಹೊತ್ತವರು ಬಲಕ್ಕೆ ತಿರುಗಿದರು. ವರ ಮಾತ್ರ ನೇರವಾಗಿ ಇಸ್ತ್ರಿ ಅಂಗಡಿಯ ಕಡೆಗೆ ಹೊರಟ.

ಬ್ರೇಕ್ ಒತ್ತಿದೆ. ಸ್ಟಿಯರಿಂಗನ್ನು ಬಲಕ್ಕೆ ಎಳೆದೆ. ಒಂದು ಸ್ವಲ್ಪ ತಿರುಗಿ ಗಟ್ಟಿಯಾಗಿ ನಿಂತುಬಿಟ್ಟಿತು. ಎಡಕ್ಕೆ ಎಷ್ಟು ಬೇಕಾದರೂ ತಿರುಗುತ್ತದೆ, ಬಲಕ್ಕೆ ಇಲ್ಲ. ಆಗ ತಲೆಗೆ ಹೊಳೆಯಿತು. ಒಂದೇ ಬದಿಯ ಸರಳು ತಿರುಗಿಸಿದ್ದರಿಂದ ಸ್ಟಿಯರಿಂಗಿನ ಒಳಗಿನ ಯಂತ್ರ ಒಂದು ಕಡೆಗೆ ಸರಿದುಹೋಗಿ, ಬಲಕ್ಕೆ ತಿರುಗಲು ಜಾಗವೇ ಉಳಿದಿರಲಿಲ್ಲ. ಓರೆಯಾದ ಸ್ಟಿಯರಿಂಗ್ ಚಕ್ರ ಅದನ್ನೇ ಹೇಳುತ್ತಿತ್ತು. ನಾನು ಅದನ್ನು ಕಿತ್ತು ನೆಟ್ಟಗೆ ಕೂರಿಸಿ ಬಾಯಿ ಮುಚ್ಚಿಸಿದ್ದೆ. ಬ್ಯಾಂಕಿನಲ್ಲಿ ಯಾರಾದರೂ ಹೀಗೆ ಸಾಕ್ಷ್ಯ ಅಳಿಸಿದ್ದರೆ ನಾನೇ ಅವರ ಮೇಲೆ ವರದಿ ಬರೆಯುತ್ತಿದ್ದೆ.

ಮಾಮಿ ಓಡಿ ಬಂದರು. "ಎನ್ನಾಚ್ಚು ಸುಮಾ?"

"ಮಾಮಿ, ಕಾರು ಬಲಕ್ಕೆ ತಿರುಗ್ತಾ ಇಲ್ಲ. ಎಡಕ್ಕೆ ಬೇಕಾದ್ರೆ ಒಂದು ಸುತ್ತು..."

ಮಾಮಿಯ ತಾಯಿ, ಎಲ್ಲರೂ ಪಾಟಿ ಎಂದು ಕರೆಯುವ ಅಜ್ಜಿ, ಹಿಂದಿನಿಂದಲೇ ಕೈಯೆತ್ತಿದರು. "ಅಪ್ರದಕ್ಷಿಣಮಾ? ಕೂಡಾದು." ಎಡಸುತ್ತು ಕೂಡದು, ಅಪಶಕುನ. ಹೆಂಗಸರ ಸಾಲಿನಲ್ಲಿ ಗುಸುಗುಸು ಹಬ್ಬಿತು. ವರನ ಅಪ್ಪ ಗಡಿಯಾರ ನೋಡಿಕೊಂಡರು. ಮೈಥಿಲಿ ಮಾಮಿಯ ಕಣ್ಣು ತುಂಬಿಬಂತು. ಅವರು ಸೆರಗಿನ ತುದಿಯಿಂದ ಒರೆಸಿಕೊಂಡರು. ನನ್ನನ್ನು ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ನೆಲ ಬಾಯಿಬಿಟ್ಟರೆ ಕಾರಿನ ಸಮೇತ ಇಳಿದುಹೋಗಲು ನಾನು ತಯಾರಿದ್ದೆ. ನೇರ ಕೆಳಗೆ ಹೋಗುವುದಕ್ಕೆ ಸ್ಟಿಯರಿಂಗ್ ಬೇಕಿಲ್ಲ.

ಆಗ ರಘು ಮೆಲ್ಲಗೆ ಕೇಳಿದರು: "ಎಡಕ್ಕೆ ತಿರುಗಿಸ್ಕೊಂಡೇ ರಿವರ್ಸ್ ಹೋದ್ರೆ?"

"ಏನಂದ್ರಿ?"

"ಮುಂದಕ್ಕೆ ಹೋದ್ರೆ ಎಡಸುತ್ತು. ಅದನ್ನೇ ಹಿಂದಕ್ಕೆ ಓಡಿಸಿದ್ರೆ ಬಲಸುತ್ತು ತಾನೆ?"

ಎಡ ಯಾವುದೆಂದು ಗೊತ್ತಿಲ್ಲದ ಮನುಷ್ಯ ಇವರೇ. ನಾನು ಬೆರಳಿನಿಂದ ಗಾಳಿಯಲ್ಲಿ ಸುತ್ತು ಬರೆದು ನೋಡಿದೆ. ಸರಿಯಾಗಿತ್ತು.

ವಿಷಯ ಪುರೋಹಿತರ ಮುಂದೆ ಹೋಯಿತು. ಅವರು ಕಣ್ಣು ಮುಚ್ಚಿ ಯೋಚಿಸಿ ತೀರ್ಪು ಕೊಟ್ಟರು: ದೇವರು ಬಲಗಡೆಗೆ ಇರುವಂತೆ ಸಾಗಬೇಕೆಂದಷ್ಟೇ ಶಾಸ್ತ್ರ, ಗಾಡಿಯ ಮೂತಿ ಎತ್ತ ಇರಬೇಕೆಂದು ಎಲ್ಲೂ ಹೇಳಿಲ್ಲ.

ಆ ಮೂಲೆಯಲ್ಲೇ ಪೂರ್ತಿ ಎಡಕ್ಕೆ ಸುತ್ತಿ ಕಾರಿನ ಮುಖ ತಿರುಗಿಸಿದೆ. ವರ ಮೊದಲಿನಂತೆಯೇ ಎತ್ತರದಲ್ಲಿ ಕೂತ. ನಾದಸ್ವರದವರು ಈಗ ಡಿಕ್ಕಿಯ ಕಡೆ ನಿಂತರು, ರೇಷ್ಮೆ ಸೀರೆಗಳು ಬಾನೆಟ್ಟಿನ ಕಡೆ. ನಾನು ಕುತ್ತಿಗೆಯನ್ನು ಎಡಕ್ಕೆ ತಿರುಚಿ, ಹಿಂದೆ ನೋಡುತ್ತ, ಆಮೆಯ ವೇಗದಲ್ಲಿ ಹೊರಟೆ. ರಿವರ್ಸ್ ಗೇರ್ ದಾರಿಯುದ್ದಕ್ಕೂ ಕುಂಯ್ಯೆಂದು ಅಳುತ್ತಿತ್ತು. ನಾದಸ್ವರದ ಹಿರಿಯರು ಎರಡು ಸಲ ತಿರುಗಿ ನೋಡಿ, ಮೂರನೆಯ ಬೀದಿಯ ಹೊತ್ತಿಗೆ ತಮ್ಮ ಶ್ರುತಿಯನ್ನೇ ಅದಕ್ಕೆ ಹೊಂದಿಸಿಕೊಂಡರು.

ಮಂಟಪದ ಬಾಗಿಲಿಗೆ ಬಂದು ಎಂಜಿನ್ ನಿಲ್ಲಿಸಿದಾಗ ನನಗೆ ತಲೆಯೆತ್ತುವ ಧೈರ್ಯವಿರಲಿಲ್ಲ. ಪಾಟಿ ನೇರ ನನ್ನ ಹತ್ತಿರ ಬಂದರು. ಬೈಗುಳಕ್ಕೆ ಸಿದ್ಧಳಾದೆ. ಅವರು ನನ್ನ ಕೆನ್ನೆ ಸವರಿ ನಿಧಾನವಾಗಿ ಏನೋ ಹೇಳಿದರು. ಅರ್ಥವಾಗದೆ ಮಾಮಿಯನ್ನು ನೋಡಿದೆ.

ಮಾಮಿ ಈಗ ನಗುತ್ತಿದ್ದರು. ತಮಗೆ ಬರುವಷ್ಟು ಕನ್ನಡದಲ್ಲಿ ಹೇಳಿದರು: "ಅಮ್ಮ ಏನ್ ಹೇಳ್ತಾಳೆ ಅಂದ್ರೆ, ಎಷ್ಟೋ ಜಾನವಾಸಂ ಹಿಂದೆ ನಡೆದಿದಾಳೆ. ಎಲ್ಲಾ ಮಾಪ್ಪಿಳ್ಳೈದೂ ಬೆನ್ನು ಮಾತ್ರ ನೋಡಿದಾಳೆ. ಇವತ್ತೇ ಮೊದಲು, ಪೂರಾ ದಾರಿ ಮುಖ ನೋಡ್ಕೊಂಡು ಬಂದಳು."

ಹಿಂದೆ ನಡೆದ ಹೆಂಗಸರೆಲ್ಲ ಅದನ್ನೇ ಹೇಳುತ್ತಿದ್ದರು. ಹುಡುಗ ಲಕ್ಷಣವಾಗಿದ್ದಾನೆ, ನಗು ಚೆನ್ನಾಗಿದೆ ಎಂಬ ಮಾತುಗಳು ನಡೆದಿದ್ದವು. ಮದುಮಗಳಂತೂ ಮಹಡಿಯ ಕಿಟಕಿಯಿಂದ ಬಗ್ಗಿ ನೋಡಿ, ಹೊಟ್ಟೆ ಹಿಡಿದು ನಕ್ಕಳಂತೆ. ನನಗೂ ಹಾಯೆನಿಸಿತು. ಇದೆಲ್ಲ ಮೊದಲೇ ಯೋಚಿಸಿ ಮಾಡಿದ್ದು ಎಂಬಂಥ ಮುಖ ಮಾಡಿಕೊಂಡು ಕೆಳಗಿಳಿದೆ.

ಮರುದಿನ ಮದುವೆಯಲ್ಲಿ ನನಗೆ ಮರ್ಯಾದೆಯೋ ಮರ್ಯಾದೆ. ಆದರೆ ರಾತ್ರಿ ಕಳೆಯುವಷ್ಟರಲ್ಲಿ ಕುತ್ತಿಗೆ ಎಡಕ್ಕೆ ಹಿಡಿದುಕೊಂಡಿತ್ತು. ಬಲಗಡೆಯಿಂದ ಬಂದು ನಮಸ್ಕಾರ ಹೇಳಿದವರಿಗೆಲ್ಲ ಎಡಗಡೆಯ ಕಂಬವನ್ನು ನೋಡುತ್ತ ನಮಸ್ಕಾರ ಹೇಳಿದೆ. ಊಟದ ಪಂಕ್ತಿಯಲ್ಲಿ ಬಡಿಸುವವನು ನನ್ನ ಬಲಗಡೆ ನಿಂತು, "ಪಾಯಸಂ?" ಎಂದು ಕೇಳಿದ. ನಾನು ಅವನತ್ತ ತಿರುಗಲು ಹೆಣಗುತ್ತಿದ್ದುದನ್ನು ಬೇಡವೆಂದು ತಲೆಯಾಡಿಸಿದ್ದಾಗಿ ತಿಳಿದು, ಮುಂದಿನ ಎಲೆಗೆ ಹೋದ.

ಮುಂದಿನ ಎಲೆ ರಘು ಅವರದು. ಅವರು ಎರಡು ಸಲ ಹಾಕಿಸಿಕೊಂಡರು.