ಮಂಡಿ ಗಟ್ಟಿಯಿದ್ದ ತೋಮಾಸಿ

ಲೂಪೆ ಊರಿಗೆ ವಾಪಸು ಬರುತ್ತಿದ್ದಾಳೆ ಎಂದು ಕೇಳಿದ್ದೇ ತಡ, ತೋಮಾಸಿ ತನ್ನ ಊರುಗೋಲನ್ನು ಹಂದಿಗೂಡಿನ ಹಿಂದೆ ಬಚ್ಚಿಟ್ಟ. ಹೋಗುವಾಗ ಕೋಲು ಊರಿಕೊಂಡು ಹೋದ, ಸರಿ. ಬರುವಾಗ ಬೇಲಿ ಹಿಡಿದುಕೊಂಡು ಬರಬೇಕಾಯಿತು. ಅವನ ಎಡಮಂಡಿ ಸವೆದು ವರ್ಷಗಳೇ ಆಗಿದ್ದವು.

"ಅಣ್ಣಾ, ಕೋಲೆಲ್ಲಿ?" ತಂಗಿ ಪೆಪೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಯಾವ ಕೋಲು?"

"ಡಾಕ್ಟ್ರು ಕೊಟ್ಟಿದ್ದು! ಕುರ್ಚಿ ಮೇಲೆ ಕೂತು ಕಾಲು ಎತ್ತಿ ಇಳಿಸು, ತೊಡೆ ಗಟ್ಟಿಯಾಗ್ಲಿ ಅಂದ್ರು. ಮಾಡ್ಲಿಲ್ಲ. ತೂಕ ಇಳಿಸು ಅಂದ್ರು. ನಿನ್ನೆ ನೀನು ಟಾರೋ ಗೆಡ್ಡೆ ತಿಂದಿದ್ದು ನೋಡಿ ಹಂದಿಗೇ ಹೊಟ್ಟೆಕಿಚ್ಚಾಯ್ತು. ನೆಲದ ಮೇಲೆ ಚಕ್ಕಳಮಕ್ಕಳ ಹಾಕ್ಬೇಡ ಅಂದ್ರು..."

"ಇವತ್ತೊಂದಿನ ಹಾಕ್ತೀನಿ ಕಣೆ."

ಪೆಪೆಗೆ ಕಾರಣ ಗೊತ್ತಿತ್ತು. ಹರೆಯದಲ್ಲಿ, ಸಮೋವಾ ದ್ವೀಪದ ಆ ಊರಿನಲ್ಲಿ ತೋಮಾಸಿಯಂಥ ಕುಣಿತಗಾರ ಇನ್ನೊಬ್ಬನಿರಲಿಲ್ಲ. ಸಂಜೆ ಪ್ರಾರ್ಥನೆ ಮುಗಿದ ಮೇಲೆ ಅವನು ತೊಡೆ ತಟ್ಟಿ ಎಗರಿದರೆ ಹುಡುಗಿಯರೆಲ್ಲ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಎದುರಿಗೆ ನಿಂತು ಕುಣಿಯುತ್ತಿದ್ದವಳು ಲೂಪೆ. ಆಮೇಲೆ ಅವಳು ಮದುವೆಯಾಗಿ ಆಕ್ಲೆಂಡಿಗೆ ಹೋದಳು, ಇವನೂ ಮದುವೆಯಾದ. ಈಗ ಇಬ್ಬರೂ ಒಂಟಿ. ಲೂಪೆಯ ಕಣ್ಣಿಗೆ ತಾನು ಮುದುಕನಾಗಿ ಕಾಣಬಾರದು, ಅಷ್ಟೇ ತೋಮಾಸಿಯ ಆಸೆ.

ಅತಿಥಿ ಬಂದಾಗ ಊರ ಹಿರಿಯರೆಲ್ಲ ಸಭಾಮನೆಯಲ್ಲಿ ಒಂದೊಂದು ಕಂಬಕ್ಕೆ ಒರಗಿ ಚಕ್ಕಳಮಕ್ಕಳ ಹಾಕಿ ಕೂರಬೇಕು. ಇನ್ನೊಬ್ಬರ ಕಡೆಗೆ ಬರಿಗಾಲು ಚಾಚುವುದು ಉದ್ಧಟತನ. ಮಡಚಲಾಗದವರು ಕಾಲು ಚಾಚಿ ಮೇಲೊಂದು ಚಾಪೆ ಹೊದಿಸಿಕೊಳ್ಳಬಹುದು, ಯಾರೂ ಏನೂ ಅನ್ನುವುದಿಲ್ಲ. ಆದರೆ ಚಾಪೆ ಹೊದ್ದವನು ಮುದುಕರ ಲೆಕ್ಕಕ್ಕೆ ಜಮೆಯಾದ ಹಾಗೆ.

ಸುದ್ದಿ ತಿಳಿದ ಪಕ್ಕದ ಮನೆಯ ಸೆಲೆ ಕೊಬ್ಬರಿ ಎಣ್ಣೆಯ ಬಾಟಲಿ ಹಿಡಿದು ಬಂದೇಬಿಟ್ಟಳು. ಊರಿನ ಉಳುಕುಗಳನ್ನೆಲ್ಲ ತಿಕ್ಕುವವಳು ಅವಳೇ.

"ಅಯ್ಯೋ ಸೆಲೆ, ಮೆಲ್ಲಗೆ! ಅದು ಕಾಲು, ತೆಂಗಿನಕಾಯಿ ಅಲ್ಲ!"

"ಹುಡುಗಿ ನೋಡೋಕೆ ಹೋಗೋನು ಕೂಗ್ಬಾರ್ದು ಮಾವ" ಎಂದು ಅವಳು ಇನ್ನರ್ಧ ಬಾಟಲಿ ಸುರಿದಳು.

ಎಣ್ಣೆಗಾಲಿನಲ್ಲಿ ತೋಮಾಸಿ ಹೊರಟ. ದಾರಿಯಲ್ಲಿ ಹಳೆಯ ಗೆಳೆಯ ಫಿಲಿಪೋ ಕೋಲು ಟಕಟಕ ಎನ್ನಿಸುತ್ತ ಎದುರಾದ. ಇವನು ಚಟ್ಟನೆ ಹಲಸಿನಂಥ ಬ್ರೆಡ್‌ಫ್ರೂಟ್ ಮರ ತಬ್ಬಿಕೊಂಡು ಕಾಯಿ ನೋಡುವವನಂತೆ ನಿಂತ.

"ಏನೋ, ಮರಕ್ಕೆ ಮುತ್ತು ಕೊಡ್ತಿದೀಯಾ?"

"ಕಾಯಿ ಬಲಿತಿದ್ಯಾ ಅಂತ ನೋಡ್ತಿದೀನಿ, ನೀನು ನಡಿ."

"ಆ ಮರ ಕಾಯಿ ಬಿಡೋದು ನಿಲ್ಲಿಸಿ ಎಷ್ಟೋ ವರ್ಷ ಆಯ್ತಲ್ಲೋ!" ಫಿಲಿಪೋ ನಗುತ್ತ ಮುಂದೆ ಹೋದ.

ಸಭಾಮನೆಯಲ್ಲಿ ತೋಮಾಸಿ ಹಲ್ಲು ಕಚ್ಚಿಕೊಂಡು ಕಾಲು ಮಡಚಿದ. ಎಣ್ಣೆಗೆ ಕಾಲು ಹಿಡಿತ ತಪ್ಪಿದ ಮೀನಿನಂತೆ ಜಾರಿ ಹೊರಬಂತು. ಮತ್ತೆ ಮಡಚಿದ, ಮತ್ತೆ ಜಾರಿತು. ಕೊನೆಗೆ ಉಟ್ಟ ಬಟ್ಟೆಯೊಳಗೆ ಕೈ ತೂರಿಸಿ ಕಾಲಿನ ಹೆಬ್ಬೆರಳನ್ನು ಗಟ್ಟಿಯಾಗಿ ಹಿಡಿದು ಕೂತ. ಮಂಡಿಯೊಳಗೆ ಯಾರೋ ಮರಳು ರುಬ್ಬುತ್ತಿರುವಂತಿತ್ತು.

ಲೂಪೆ ಬಂದಳು. ತಲೆ ನರೆತಿತ್ತು, ನಗು ಮಾತ್ರ ಅದೇ. ಬಂದವಳೇ ಕೋಲನ್ನು ಪಕ್ಕಕ್ಕಿಟ್ಟು, "ತಪ್ಪು ತಿಳ್ಕೋಬೇಡಿಪ್ಪಾ, ನನ್ನ ಎರಡು ಮಂಡಿನೂ ಹೋಗಿದೆ" ಎಂದು ಕಾಲು ನೀಳವಾಗಿ ಚಾಚಿ ಚಾಪೆ ಹೊದಿಸಿಕೊಂಡಳು.

ಫಿಲಿಪೋ "ಅಮ್ಮಾ ತಾಯಿ, ಬದುಕಿಸಿದೆ!" ಎಂದು ತಾನೂ ಚಾಚಿದ. ನೋಡನೋಡುತ್ತಿದ್ದಂತೆ ಹಿರಿಯರೆಲ್ಲ ಚಾಪೆ ಎಳೆದುಕೊಂಡರು. ತೋಮಾಸಿಯ ಕೈಯೂ ಚಾಪೆಯತ್ತ ಹೊರಟಿತ್ತು. ಅಷ್ಟರಲ್ಲಿ ಊರ ಮುಖಂಡ ಲೇಮಾನ ಗದ್ಗದಿತನಾಗಿ ಎಂದ: "ನೋಡಿ, ನಮ್ಮ ಅಜ್ಜಂದಿರ ಮರ್ಯಾದೆ ಉಳಿಸಿರೋನು ಒಬ್ಬನೇ! ಇನ್ಮೇಲೆ ಯಾವ ಅತಿಥಿ ಬಂದ್ರೂ ಊರಿನ ಪರವಾಗಿ ತೋಮಾಸಿನೇ ಹೀಗೆ ಮುಂದೆ ಕೂರ್ಬೇಕು."

ಎಲ್ಲರೂ ತಲೆದೂಗಿದರು. ತೋಮಾಸಿಗೆ ಆ ಹೊಗಳಿಕೆ ನುಂಗಲೂ ಆಗದ, ಉಗುಳಲೂ ಆಗದ ಬಿಸಿತುಪ್ಪವಾಯಿತು.

ಸತ್ಕಾರದ ಕಾವಾ ಬೇರಿನ ಕಷಾಯ ಕುಡಿದು ಸಭೆ ಮುಗಿಯಿತು. ಲೂಪೆ ಫಿಲಿಪೋನ ಪಕ್ಕಕ್ಕೆ ಸರಿದು ಕೂತಳು. ನಿಂಗೆ ಮೆಟ್ಟಿಲು ಇಳಿಯುವಾಗ ನೋವೋ, ಹತ್ತುವಾಗಲೋ? ಮುಲಾಮು ಹಚ್ತೀಯೋ, ಕಾವು ಕೊಡ್ತೀಯೋ? ಇಬ್ಬರೂ ಹೊಸದಾಗಿ ಪ್ರೀತಿಗೆ ಬಿದ್ದವರಂತೆ ಮಂಡಿಯ ಸುದ್ದಿಯಲ್ಲೇ ಮುಳುಗಿದರು. ಬೆಳಗ್ಗೆ ಸೊಂಟದ ಮಟ್ಟದ ಸಮುದ್ರದ ನೀರಲ್ಲಿ ನಡೆದರೆ ಬಲು ಹಿತ, ದಿನಾ ಜೊತೆಗೇ ಹೋಗೋಣ ಎಂದೂ ನಿಶ್ಚಯವಾಯಿತು.

ತೋಮಾಸಿಗೆ ತಡೆಯಲಾಗಲಿಲ್ಲ. "ಲೂಪೆ, ನಾನೂ ಬರ್ತೀನಿ. ನಂಗೂ ಮಂಡಿ ನೋವು. ದೇವರಾಣೆ!"

ಲೂಪೆ ಅವನ ಮಡಚಿದ ಕಾಲನ್ನು ನೋಡಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ನೀನು ಒಂಚೂರೂ ಬದಲಾಗಿಲ್ಲ ಕಣೋ. ಆಗಲೂ ಕಾಲಿಗೆ ಕಡಲ ಹವಳದ ಕಲ್ಲು ಚುಚ್ಚಿತು ಅಂತ ಸುಳ್ಳು ಹೇಳಿ ನನ್ನ ಹೆಗಲ ಮೇಲೆ ಕೈ ಹಾಕ್ಕೊಂಡು ನಡೀತಿದ್ದೆ. ನಾನು ನಂಬ್ತಿದ್ದೆ. ಈಗ ನಂಬಲ್ಲಪ್ಪ."

ಫಿಲಿಪೋ ಕೈ ನೀಡಿದ, ಅವಳು ಎದ್ದಳು. ಎರಡು ಕೋಲುಗಳು ಟಕಟಕ ಎನ್ನುತ್ತ ಕಡಲ ಕಡೆಗೆ ಹೋದವು.

ತೋಮಾಸಿ ಎದ್ದು ಹಿಂದೆ ಓಡಬೇಕೆಂದುಕೊಂಡ. ಮಡಚಿದ ಕಾಲು ಬಿಡಿಸಿಕೊಳ್ಳಲಿಲ್ಲ; ನೋವಿಗೆ ಕಣ್ಣು ಮುಚ್ಚಿ "ದೇವರೇ" ಎಂದ. ಪಕ್ಕದಲ್ಲಿ ಹಾದುಹೋದ ಲೇಮಾನ, "ಶ್, ಗಲಾಟೆ ಮಾಡ್ಬೇಡಿ, ಅವನು ಪ್ರಾರ್ಥನೆ ಮಾಡ್ತಿದಾನೆ" ಎಂದು ಉಳಿದವರನ್ನೂ ಹೊರಗೆ ಕರೆದುಕೊಂಡು ಹೋದ.