ಡೆಸಿಬೆಲ್ ಮೇಡಂ ಬರೆದ ನಿಯಮಗಳು

ಒಂದು ನಿಯಮ ಬರೆದು ಪೆನ್ನಿನ ಮುಚ್ಚಳ ಹಾಕುವುದರೊಳಗೆ, ಆ ನಿಯಮಕ್ಕೆ ಸಿಕ್ಕದ ಮನುಷ್ಯನೊಬ್ಬ ನಮ್ಮ ಕಡೆ ಎಲ್ಲೋ ಸ್ನಾನ ಮಾಡಿ, ತಲೆ ಬಾಚಿಕೊಂಡು ಹೊರಟೇ ಬಿಟ್ಟಿರುತ್ತಾನೆ. ಕೆಲವು ವರ್ಷಗಳಿಂದ ನಾನು ಇದನ್ನೇ ನೋಡುತ್ತ ಬಂದಿದ್ದೇನೆ.

ನಾನು ಕೊಟ್ಟೂರಿನಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವವಳು. ನನಗೆ ಸದ್ದೆಂದರೆ ಆಗುವುದಿಲ್ಲ. ಮನೆಯಲ್ಲಿ ಕುಕ್ಕರ್ ಎರಡನೇ ಸೀಟಿ ಹಾಕಿದ ಕೂಡಲೇ ಓಡಿಹೋಗಿ ಒಲೆ ಆರಿಸುತ್ತೇನೆ. ಬೇಳೆ ಬೆಂದಿತೋ ಇಲ್ಲವೋ ಅದು ಊಟಕ್ಕೆ ಕೂತವರ ಹಣೆಬರಹ. ಅಂಥವಳು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ಊರುಗಳಲ್ಲಿ ಸರದಿಯಂತೆ ನಡೆಯುವ ಕಾರ್ ಸ್ಟೀರಿಯೊ ಸ್ಪರ್ಧೆಗೆ ತೀರ್ಪುಗಾರಳಾದೆ. ಯಾರ ಕಾರಿನ ಸ್ಟೀರಿಯೊ ಹೆಚ್ಚು ಸದ್ದು ಮಾಡುತ್ತದೋ ಅವರು ಗೆದ್ದಂತೆ. ಇಷ್ಟೇ ಆಟ.

ಇದಕ್ಕೆಲ್ಲ ಕಾರಣ ನನ್ನ ಹಳೆಯ ಶಿಷ್ಯ. ಹಗರಿಬೊಮ್ಮನಹಳ್ಳಿಯಲ್ಲಿ ಕಾರಿಗೆ ಸೀಟ್ ಕವರ್, ಸ್ಪೀಕರ್ ಹಾಕುವ ಅಂಗಡಿ ಇಟ್ಟಿದ್ದಾನೆ. ಒಂದು ದಿನ ಮನೆಗೆ ಬಂದು, "ಮೇಡಂ, ಪಾಠ ಮಾಡುವಾಗ ತೋರಸ್ತಿದ್ರಲ್ಲ, ಸೌಂಡ್ ಅಳಿಯೋ ಮೀಟರು, ಅದು ಇನ್ನೂ ಐತೇನ್ರಿ?" ಅಂದ.

"ಐತಿ, ಒಯ್ಯಪ್ಪ," ಅಂದೆ.

"ಅದರ ಜೊತಿಗೆ ನೀವೂ ಬರಬೇಕ್ರಿ. ಅದನ್ನ ಓದೋರು ಬೇಕಲ್ಲ?"

"ನಾನೇ ಕಲಿಸಿದ್ದೆನಲ್ಲೋ ನಿನಗ?"

"ಕಲಿಸಿದ್ರಿ ಮೇಡಂ. ಅದರಾಗ ನನ್ನ ಎರಡು ಸಲ ಫೇಲ್ ಮಾಡಿದವರೂ ನೀವೇ."

ಅವತ್ತಿನಿಂದ ನಾನು ಡೆಸಿಬೆಲ್ ಮೇಡಂ.

ಎಡಕ್ಕೊಂದು, ಬಲಕ್ಕೊಂದು

ಮೊದಲ ಸ್ಪರ್ಧೆ ಹರಪನಹಳ್ಳಿಯಲ್ಲಿ. ಆಗ ನಿಯಮಗಳು ಮೂರೇ. ಮೀಟರನ್ನು ಕಾರಿನೊಳಗೆ ಮುಂದಿನ ಗಾಜಿಗೆ ಅಂಟಿಸಬೇಕು. ಗಾಜುಗಳನ್ನೆಲ್ಲ ಏರಿಸಿರಬೇಕು. ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸದ್ದು ಮಾಡುತ್ತೀರೋ ಮಾಡಿ.

ಕ್ರಿಮಿನಾಶಕದ ಅಂಗಡಿಯ ಸಾಹುಕಾರರೊಬ್ಬರು ಪುಟ್ಟ ಕಾರಿನಲ್ಲಿ ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆಲು ಮಾತು. ಒಳಗೆ ಕೂತು ಒಂದು ಭಕ್ತಿಗೀತೆ ಹಚ್ಚಿದರು. ಮೀಟರು ಎಂಬತ್ತು ಡೆಸಿಬೆಲ್ಲಿನ ಮೇಲೆ ಏರಲಿಲ್ಲ. ಪಾಪ, ತಿಳಿಯದೆ ಬಂದಿದ್ದಾರೆ ಅಂದುಕೊಂಡೆ. ಇಪ್ಪತ್ತೈದನೇ ಸೆಕೆಂಡಿಗೆ "ಪೋಂ..." ಅಂತ ಒಂದು ಸದ್ದು ಬಂತು ನೋಡಿ, ಸುತ್ತ ನಿಂತಿದ್ದ ಜನ ಲಾರಿ ನುಗ್ಗಿತು ಅಂತ ಎರಡೂ ಕಡೆ ಹಾರಿಬಿದ್ದರು. ಮೀಟರಿನಲ್ಲಿ ನೂರಾ ಇಪ್ಪತ್ತೆರಡು! ಅದುವರೆಗೆ ಬಂದವರೆಲ್ಲರಿಗಿಂತ ಹೆಚ್ಚು.

ಸಾಹುಕಾರರು ಇಳಿದು ಬಂದು ಕೈಮುಗಿದರು. "ಗೆದ್ದೆನೇನ್ರಿ ಮೇಡಂ?"

"ಸೀಟಿನ ಕೆಳಗ ಇರೋದು ಲಾರಿ ಹಾರ್ನ್ ಅಲ್ಲೇನ್ರಿ?"

"ಹೌದ್ರಿ."

"ಇದು ಸ್ಟೀರಿಯೊ ಸ್ಪರ್ಧೆ ಸಾಹುಕಾರ್ರೇ."

"ಗೊತ್ತೈತ್ರಿ. ಅದಕ್ಕೇ ಎರಡು ಹಾಕ್ಸಿದೀನಿ. ಎಡಕ್ಕೊಂದು, ಬಲಕ್ಕೊಂದು."

ಇಪ್ಪತ್ತೆರಡು ವರ್ಷ ಭೌತಶಾಸ್ತ್ರ ಕಲಿಸಿದವಳು ಬಗ್ಗಿ ಸೀಟಿನ ಕೆಳಗೆ ಎರಡೂ ಹಾರ್ನುಗಳನ್ನು ಎಣಿಸಿದೆ. ಶಿಷ್ಯ ನನ್ನ ಮುಖ ನೋಡಿ, "ಮೇಡಂ, ಇವರಿಗೆ ಪಾಸಾ, ಫೇಲಾ?" ಅಂತ ಮೆಲ್ಲಗೆ ಕೇಳಿದ. ಮುಂದಿನ ಸ್ಪರ್ಧೆಯಿಂದ ಕಾರಿನೊಳಗೆ ಯಾರೂ ಕೂರುವಂತಿಲ್ಲ, ಹೊರಗೆ ನಿಂತು ರಿಮೋಟಿನಿಂದ ನಡೆಸಬೇಕು ಅಂತ ಮಾಡಿದೆವು. ಸಾಹುಕಾರರು ಹೊರಡುವಾಗ, "ಹಾರ್ನಿಗೂ ರಿಮೋಟ್ ಬರ್ತಾವೇನ್ರಿ?" ಅಂತ ವಿಚಾರಿಸಿದರು.

ಮೇಲೆ ಕೂತವರು

ಸದ್ದು ಜೋರಾದಾಗ ಕಾರಿನ ತಗಡು ಅದುರುತ್ತದೆ. ಅದುರಿದಷ್ಟೂ ಸದ್ದು ಸೋರುತ್ತದೆ. ಮೇಲಿನಿಂದ ಯಾರಾದರೂ ಅದುಮಿ ಹಿಡಿದರೆ ಮೀಟರು ಒಂದೆರಡು ಅಂಕ ಏರುತ್ತದೆ. ಈ ಗುಟ್ಟು ನಾನು ಯಾರಿಗೂ ಹೇಳಿರಲಿಲ್ಲ. ಇಟ್ಟಿಗಿ ಎಂಬ ಹಳ್ಳಿಯ ಒಬ್ಬ ರೈತನಿಗೆ ಅದು ತಾನೇ ಹೊಳೆದಿತ್ತು.

ಹಡಗಲಿಯ ಸ್ಪರ್ಧೆಗೆ ಅವನು ಜೀಪಿನಲ್ಲಿ ಬಂದ. ಸರದಿ ಬಂದ ಕೂಡಲೇ ಒಂದು ಏಣಿ ಇಳಿಸಿ ಜೀಪಿಗೆ ಆನಿಸಿದ. ಅವನ ಹೆಂಡತಿ ಹತ್ತಿದಳು. ನಾದಿನಿ ಹತ್ತಿದಳು. ಕೊನೆಗೆ ಅತ್ತೆ, ಮುಡಿ ತುಂಬ ಮಲ್ಲಿಗೆ, ಕೈಯಲ್ಲಿ ಎಲೆಯಡಿಕೆಯ ಚೀಲ, ನಿಧಾನವಾಗಿ ಹತ್ತಿ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತರು. ಜೀಪು ಎರಡು ಬೆರಳು ಕುಗ್ಗಿತು.

"ಯಮ್ಮಾ, ಇಳೀರಿ," ಅಂದೆ.

"ಹೆಂಗ ಇಳೀಲಿ ತಾಯಿ? ಮದುವಿ ಆಗಿ ಹತ್ತು ವರ್ಷದಾಗ ಅಳಿಯ ಇದೇ ಮೊದಲು ನನ್ನ ತಲಿಮ್ಯಾಲ ಹೊತ್ತಾನ," ಅಂದರು ಅತ್ತೆ.

ಅವರು ಇಳಿಯಲಿಲ್ಲ, ಅವತ್ತು ತಡೆಯುವ ನಿಯಮವೂ ಇರಲಿಲ್ಲ. ಅಳಿಯನಿಗೆ ಮೂರನೇ ಬಹುಮಾನ ಬಂತು. ಮನೆಗೆ ಹೋದವಳೇ ಬರೆದೆ: ಸ್ಪರ್ಧಿಯ ಸಂಬಂಧಿಕರು ವಾಹನದ ಮೇಲೆ ಕೂರುವಂತಿಲ್ಲ.

ಮರುವರ್ಷ ಅದೇ ಜೀಪು, ಅದೇ ಏಣಿ. ಮೇಲೆ ಆರು ಜನ ಗಂಡಸರು, ಮುಖ ಗಂಟು ಹಾಕಿಕೊಂಡು ಕೂತಿದ್ದರು. ನಿಯಮ ಓದಿ ಹೇಳಿದೆ.

"ಸಂಬಂಧಿಕರಲ್ರಿ ಮೇಡಂ," ಅಂದ ರೈತ.

"ಮತ್ತ ಯಾರು?"

"ನಮ್ಮ ಬಾಜು ಹೊಲದವರು. ಬದುವಿನ ಸಲುವಾಗಿ ನಮಗೂ ಇವರಿಗೂ ಕೋರ್ಟಿನಾಗ ಕೇಸ್ ನಡದೈತಿ. ಬೇಕಂದ್ರ ನೀವೇ ಕೇಳ್ರಿ, ನನ್ನ ಕೂಡ ಮಾತಾಡಂಗಿಲ್ಲ ಅವರು."

ಮೇಲಿನಿಂದ ಒಬ್ಬ ಬೇರೆ ಕಡೆ ಮುಖ ತಿರುಗಿಸಿಕೊಂಡೇ ಹೇಳಿದ: "ಹೌದ್ರಿ, ಮಾತಿಲ್ಲ. ಊರ ಮರ್ಯಾದಿ ಪ್ರಶ್ನಿ ಅಂತ ಕೂತೀವಿ. ಹಚ್ಚಂತ ಹೇಳ್ರಿ ಅವನಿಗೆ."

ಸಣ್ಣಗೆ ಮಾಡ್ರಿ

ಇದು ಯಾವ ಊರಲ್ಲಿ ಅಂತ ಹೇಳುವುದಿಲ್ಲ. ಮೈದಾನಕ್ಕೆ ಪರವಾನಗಿ ಬೇಕಿತ್ತು. ನಾನೂ ಶಿಷ್ಯನೂ ಅರ್ಜಿ ಕೊಟ್ಟೆವು. ಕಾಗದ ಬಂತು. ಕೊನೆಯ ಷರತ್ತು ಹೀಗಿತ್ತು: 'ಸದರಿ ಕಾರ್ಯಕ್ರಮದಲ್ಲಿ ಸಾರ್ವಜನಿಕರಿಗೆ ಕೇಳಿಸುವಂತೆ ಯಾವುದೇ ಸದ್ದು ಮಾಡತಕ್ಕದ್ದಲ್ಲ.'

ಕಾಗದ ಹಿಡಿದು ಪರವಾನಗಿ ಕೊಟ್ಟ ಕಚೇರಿಯ ಗುಮಾಸ್ತರ ಹತ್ತಿರ ಹೋದೆ. "ಇದು ಸದ್ದು ಮಾಡೋ ಸ್ಪರ್ಧೇನೇ ಅಲ್ವೇನ್ರಿ?"

"ಅದು ಎಲ್ಲದಕ್ಕೂ ಒಂದೇ ಫಾರಮ್ಮು ಮೇಡಂ. ಹೊಡೆದುಹಾಕಾಕ ನನಗ ಅಧಿಕಾರ ಇಲ್ಲ."

"ಮತ್ತ ನಾವೇನು ಮಾಡಬೇಕು?"

ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಯೋಚಿಸಿದರು. "ಸ್ಪರ್ಧೆ ಮಾಡ್ರಿ. ಆದ್ರ ಸಣ್ಣಗೆ ಮಾಡ್ರಿ."

ಹೆದರಿಕೊಂಡೇ ಶುರು ಮಾಡಿದೆವು. ಮೊದಲ ಕಾರಿನವನಿಗೆ, "ಸ್ವಲ್ಪ ನೋಡಿಕೊಂಡು ಹಚ್ಚಪ್ಪ," ಅಂತಲೂ ಹೇಳಿದೆ. ಅವನು ಇನ್ನೂ ಅರ್ಧಕ್ಕೂ ಏರಿಸಿರಲಿಲ್ಲ, ಜನರ ಹಿಂದಿನಿಂದ ಒಂದು ಗಟ್ಟಿ ದನಿ ಬಂತು. ತಿರುಗಿ ನೋಡಿದರೆ ಅದೇ ಗುಮಾಸ್ತರು, ಹೆಂಡತಿ ಮಕ್ಕಳ ಸಮೇತ ಕುರ್ಚಿಯ ಮೇಲೆ ಹತ್ತಿ ನಿಂತಿದ್ದಾರೆ:

"ಮೇಡಂ, ಇಲ್ಲಿ ಹಿಂದಕ ಏನೂ ಕೇಳ್ವಲ್ದು! ಏರಿಸಾಕ ಹೇಳ್ರಿ!"

ಗಾಜು ಏರಿಸಿದವನು

ಕೂಡ್ಲಿಗಿಯಲ್ಲಿ ಸ್ಪರ್ಧೆ ಮುಗಿದು ಮೀಟರು ಒರೆಸುತ್ತ ಕೂತಿದ್ದೆ. ಈರುಳ್ಳಿ ಹರಾಜು ಕೂಗುವವನೊಬ್ಬ ಹತ್ತಿರ ಬಂದ. ಕೂಗುವುದೇ ಅವನ ಹೊಟ್ಟೆಪಾಡು. ಮಾರುಕಟ್ಟೆಯ ಈ ತುದಿಯಲ್ಲಿ ಅವನು ಬಾಯಿ ತೆಗೆದರೆ ಆ ತುದಿಯಲ್ಲಿ ಮೂಟೆ ಹೊರುವವರು ತಿರುಗಿ ನೋಡುತ್ತಾರೆ. ಮೀಟರಿಗೆ ಬಾಯಿ ಹಚ್ಚಿ, "ಇದೇನ್ರೀ ಇದು?" ಅಂದ.

ನೂರಾ ಒಂಬತ್ತು.

ಸಣ್ಣ ಕಾರುಗಳ ಗುಂಪಿನಲ್ಲಿ ಮೂರನೇ ಬಹುಮಾನ ಹೊಡೆದ ಕಾರು ನೂರಾ ಏಳು. ಅವನು ಅಂಕ ಬರೆದಿದ್ದ ಬೋರ್ಡ್ ನೋಡಿದ, ಮೀಟರು ನೋಡಿದ, ನನ್ನನ್ನು ನೋಡಿದ. "ಹಂಗಾರ ಮೂರನೇ ಬಹುಮಾನ ನಂದು."

"ನೀನು ಕಾರಲ್ಲಪ್ಪ."

"ಎಲ್ಲಿ ಬರದೈತ್ರಿ ಕಾರೇ ಆಗಿರಬೇಕಂತ?"

ಹುಡುಕಿದೆ. ಕಾರು ಅಂತ ಇತ್ತು, ಕಾರೇ ಆಗಿರಬೇಕು ಅಂತ ಎಲ್ಲಿಯೂ ಬರೆದಿರಲಿಲ್ಲ! ಅಲ್ಲೇ ನಿಂತು ಬರೆದೆ: ನಾಲ್ಕು ಚಕ್ರ ಇರಬೇಕು, ಮೊದಲಿನಂತೆ ಗಾಜು ಏರಿಸಿರಬೇಕು. ಅವನು ಎರಡು ಸಲ ಓದಿಸಿಕೊಂಡು ಹೋದ.

ಮರುವರ್ಷ ನಾಲ್ಕು ಚಕ್ರದ ತಳ್ಳುಗಾಡಿಯಲ್ಲಿ, ಈರುಳ್ಳಿ ಚೀಲದ ಮೇಲೆ ಕೂತು ಬಂದ. ಕಣ್ಣಿಗೆ ಕಪ್ಪು ಕನ್ನಡಕ. ಗೆಳೆಯರಿಬ್ಬರು ತಳ್ಳುತ್ತಿದ್ದರು.

"ಚಕ್ರ ಎಣಿಸ್ಕೊಳ್ರಿ ಮೇಡಂ."

"ಚಕ್ರ ನಾಲ್ಕು ಅದಾವ, ಸರಿ. ಗಾಜು ಏರಿಸಿರಬೇಕು ಅಂತಲೂ ಐತಿ," ಅಂದೆ, ಗೆದ್ದೆ ಅಂದುಕೊಂಡು.

ಅವನು ಕಪ್ಪು ಕನ್ನಡಕವನ್ನು ಎರಡು ಬೆರಳಿನಿಂದ ಹಣೆಯ ಮೇಲಕ್ಕೆ ಸರಿಸಿ, "ಏರಿಸೀನ್ರಿ," ಅಂದ.

ಕಡಿಮಿ ಮಾಡಲೇ

ಹಗರಿಬೊಮ್ಮನಹಳ್ಳಿಯಲ್ಲಿ ಒಬ್ಬ ಮೆಕ್ಯಾನಿಕ್ ಇದ್ದಾನೆ. ಹಳೆಯ ವ್ಯಾನೊಂದನ್ನು ಇದೇ ಸ್ಪರ್ಧೆಗಾಗಿ ಕಟ್ಟಿದವನು. ಹಿಂದಿನ ಸೀಟುಗಳನ್ನೆಲ್ಲ ಕಿತ್ತು, ತಾನೇ ಪ್ಲೈವುಡ್ ಕೊಯ್ದು, ಸ್ಪೀಕರಿಗೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಮಾಡಿದ್ದ. ಎರಡು ವರ್ಷ ಎರಡನೇ ಸ್ಥಾನಕ್ಕೆ ನಿಂತಿದ್ದ. ಮೂರನೇ ವರ್ಷ ಸ್ಪರ್ಧೆ ಅವನ ಊರಿನಲ್ಲೇ ಬಂತು. ಹಬ್ಬಕ್ಕೂ ಹೊಸ ಅಂಗಿ ಹೊಲಿಸದೆ ವರ್ಷವೆಲ್ಲ ಆ ವ್ಯಾನಿನೊಳಗೇ ಕಳೆದಿದ್ದ.

ಅವನ ತಂದೆ ತಾಮ್ರದ ಹಂಡೆ, ಕೊಡಗಳನ್ನು ಬಡಿದು ನೇರ ಮಾಡಿ ಕಲಾಯಿ ಹಾಕುತ್ತಿದ್ದವರು. ನಲವತ್ತು ವರ್ಷ ಬಡಿದ ಮೇಲೆ ಕಿವಿ ಪೂರ್ತಿ ಹೋಗಿತ್ತು. ಕಿವಿಗೆ ಬಾಯಿ ಹಚ್ಚಿ ಕೂಗಿದರೆ ಅರ್ಧ ಮಾತು ಮುಟ್ಟುತ್ತಿತ್ತು. ಉಳಿದಂತೆ ಎಂಟು ವರ್ಷದಿಂದ ಅವರಿಗೆ ಸಿಡಿಲಿನ ಸದ್ದೂ ಕೇಳಿರಲಿಲ್ಲ. ಕಂಡಕಂಡವರ ಮುಂದೆ, "ನನ ಮಗ ವರ್ಷದಿಂದ ಆ ಗಾಡಿಗೆ ಏನೋ ಮಾಡ್ತಾನ. ಒಂದು ದಿನಾನೂ ಅದರಿಂದ ಸದ್ದು ಬಂದದ್ದು ಕಾಣೆ," ಅಂತ ಹೇಳಿಕೊಳ್ಳುತ್ತಿದ್ದರು.

ಅವತ್ತು ಹರಪನಹಳ್ಳಿಯ ಕಂಟ್ರಾಕ್ಟರರ ದೊಡ್ಡ ಕಾರು ನೂರಾ ನಲವತ್ತೊಂದು ಮಾಡಿ ಮುಂದಿತ್ತು. ಉಳಿದವನು ಮೆಕ್ಯಾನಿಕ್ ಒಬ್ಬನೇ. ಹಿಂದಿನ ದಿನ ಪರೀಕ್ಷೆ ಮಾಡಿದಾಗ ಅವನ ವ್ಯಾನು ನೂರಾ ನಲವತ್ತನಾಲ್ಕು ಮುಟ್ಟಿದ್ದನ್ನು ನಾನೇ ನೋಡಿದ್ದೆ. ಒಮ್ಮೆಲೇ ಏರಿಸಿದರೆ ಆಂಪ್ಲಿಫೈಯರ್ ಸುಟ್ಟುಹೋಗುತ್ತದೆ. ಇಪ್ಪತ್ತು ಸೆಕೆಂಡು ನಿಧಾನಕ್ಕೆ ಏರಿಸಿ ಕೊನೆಯ ಹತ್ತರಲ್ಲಿ ಪೂರ್ತಿ ಬಿಡಬೇಕು. ಅವನು ರಿಮೋಟ್ ಹಿಡಿದು ನಿಂತ. ಎಲ್ಲರೂ ಕಿವಿ ಮುಚ್ಚಿಕೊಂಡೆವು. ಮುಚ್ಚಿಕೊಳ್ಳದವರು ಅವನ ತಂದೆ ಒಬ್ಬರೇ. ಮಗನ ಪಕ್ಕ ನಿಂತು, ವ್ಯಾನಿನ ಮೇಲೆ ಅಂಗೈ ಇಟ್ಟುಕೊಂಡಿದ್ದರು.

ಸದ್ದು ಶುರುವಾಯಿತು. ನೂರಾ ಇಪ್ಪತ್ತು. ನೂರಾ ಮೂವತ್ತು. ನನ್ನ ಹಲ್ಲು ಅದುರತೊಡಗಿದವು. ನೂರಾ ಮೂವತ್ತೆಂಟು. ಇನ್ನು ಹತ್ತು ಸೆಕೆಂಡು ಉಳಿದಿತ್ತು.

ಆಗ ಮುದುಕರ ಕಣ್ಣು ಅಗಲವಾದವು. ಕೇಳಿದ್ದು ಕಿವಿಯಲ್ಲೋ ಅಂಗೈಯಲ್ಲೋ ಅವರಿಗೇ ಗೊತ್ತು. ವ್ಯಾನಿನಿಂದ ಕೈ ಕಿತ್ತುಕೊಂಡು ಎರಡೂ ಕಿವಿ ಮುಚ್ಚಿ, ಮಗನ ಹೆಗಲಿಗೆ ಮೊಣಕೈಯಿಂದ ತಿವಿದು ಒದರಿದರು: "ಅರೆ! ಎಷ್ಟಲೇ ಸೌಂಡು! ಕಡಿಮಿ ಮಾಡಲೇ!"

ಮಗನ ಹೆಬ್ಬೆರಳು ತಾನಾಗಿಯೇ ಗುಂಡಿ ಒತ್ತಿತು. ಸದ್ದು ಇಳಿಯಿತು. ಮೂವತ್ತು ಸೆಕೆಂಡು ಮುಗಿಯಿತು. ನೂರಾ ಮೂವತ್ತೆಂಟು, ಮೂರರಲ್ಲಿ ಸೋಲು.

ನನ್ನ ಶಿಷ್ಯ ತಲೆ ಹಿಡಿದುಕೊಂಡು, "ಏನು ಮಾಡಿದಿಲೇ!" ಅಂತ ಓಡಿಬಂದ. ಮೆಕ್ಯಾನಿಕ್ ನಗುತ್ತಿದ್ದ, ಕಣ್ಣಲ್ಲಿ ನೀರು ಇಳಿಯುತ್ತಿತ್ತು.

"ಎಂಟು ವರ್ಷ ಆತ್ರಿ ಮೇಡಂ, ನಮ್ಮ ಅಬ್ಬಾಗ ಏನರ ಕೇಳಿ. ಕೇಳಿದ ಕೂಡ್ಲೆ ಕಡಿಮಿ ಮಾಡು ಅಂದ. ಹೆಂಗ ಇಲ್ಲ ಅನ್ಲಿ ನಾನು?"

ನಾನು ಮೀಟರಿನ ಧೂಳು ಒರೆಸುವವಳಂತೆ ಸೆರಗು ಎತ್ತಿಕೊಂಡೆ.

ಬಹುಮಾನ ಕೊಡುವ ಹೊತ್ತು. ಎರಡನೇ ಬಹುಮಾನ ಅಂತ ಮೈಕಿನಲ್ಲಿ ಅವನ ಹೆಸರು ಕೂಗಿದರು. ತಂದೆಯೂ ಜೊತೆಗೆ ವೇದಿಕೆ ಹತ್ತಿದರು. ಮೈಕು ಅವರಿಗೆ ಕೇಳಿರಲಿಲ್ಲ. ಸಣ್ಣ ಕಪ್ಪನ್ನು ತಿರುಗಿಸಿ ಮುರುಗಿಸಿ ನೋಡಿ, "ದೊಡ್ಡದು ಅವರಿಗ್ಯಾಕ ಕೊಟ್ರು?" ಅಂತ ಕೇಳಿದರು.

ಮಗ ಕಿವಿಗೆ ಬಾಯಿ ಹಚ್ಚಿ ಕೂಗಿದ: "ನಮ್ಮದು ಸೌಂಡು ಕಡಿಮಿ ಆತು ಅಬ್ಬಾ!"

ಮುದುಕರು ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಐದೂ ಊರಿನ ಜನರ ಮುಂದೆ ಹೇಳಿದರು:

"ನೋಡ್ರಿ ಮೇಡಂ. ಜೋರು ಹಚ್ಚಲೇ, ಜೋರು ಹಚ್ಚಲೇ ಅಂತ ಪಕ್ಕದಾಗ ನಿಂತು ಅಷ್ಟು ಒದರಿದೆ. ಈ ಮಗನಿಗೆ ಕಿವೀನೇ ಕೇಳಂಗಿಲ್ಲ!"